ಒಂದಡಿಯ ಕೆಳಗೆ

ಮಾರ್ಚ್ 11, ಗುರುವಾರ ಬೆಳಿಗ್ಗೆ
ಆಫೀಸಿನ ದಾಖಲೆ ಕೋಣೆಯಿಂದ

ಸಸಿಯಪ್ಪನವರಿಗೆ,

ಈ ಹೆಸರಿನಿಂದ ನಿಮ್ಮನ್ನು ಈಗ ಯಾರೂ ಕರೆಯುತ್ತಿರಲಿಕ್ಕಿಲ್ಲ. ಬೇರೆ ಹೇಗೆ ಶುರು ಮಾಡುವುದೋ ನನಗೆ ತಿಳಿಯಲಿಲ್ಲ. ‘ಪ್ರೀತಿಯ’ ಎಂದು ಬರೆಯುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೇನೆ. ‘ಮಾನ್ಯರೇ’ ಎಂದರೆ ನೀವು ನಕ್ಕುಬಿಡುತ್ತೀರಿ. ಬೆಟ್ಟದ ನರ್ಸರಿಯಲ್ಲಿ ಕೆಲಸದವರೆಲ್ಲ ಕರೆಯುತ್ತಿದ್ದ ಹೆಸರೇ ಇರಲಿ.

ವಿಳಾಸ ಕೊಟ್ಟವರು ಅತ್ತಿಗೆ. ಹತ್ತೊಂಬತ್ತು ವರ್ಷಗಳ ಮೇಲೆ ಫೋನ್ ಮಾಡಿದರೆ ನಿಮ್ಮ ಅಕ್ಕ ಬೈಯದೆ ಬಿಡುತ್ತಾರೆಯೇ? “ಈಗ ನೆನಪಾಯ್ತಾ? ಅವನೇನು ನಿನ್ನ ದಾರಿ ಕಾಯ್ತಾ ಕೂತಿಲ್ಲ, ತಿಳ್ಕೋ” ಎಂದು ಫೋನ್ ಇಟ್ಟುಬಿಟ್ಟರು. ಹತ್ತು ನಿಮಿಷಕ್ಕೆ ತಾವೇ ಮತ್ತೆ ಮಾಡಿ ವಿಳಾಸ ಹೇಳಿದರು. ಮರುದಿನ ಇನ್ನೊಮ್ಮೆ ಮಾಡಿ, ಮನೆ ನಂಬರು ಸರಿಯಾಗಿ ಬರೆದುಕೊಂಡಿದ್ದೇನೋ ಇಲ್ಲವೋ ಎಂದು ನನ್ನಿಂದ ಓದಿಸಿ ಕೇಳಿದರು. ನಿಮ್ಮ ಫೋನ್ ನಂಬರನ್ನೂ ಕೊಟ್ಟಿದ್ದಾರೆ. ಆದರೆ ಇದು ಫೋನಿನಲ್ಲಿ ಹೇಳುವ ಮಾತಲ್ಲ. ನೀವು ಏನಾದರೂ ಕೇಳಿದರೆ ನಾನು ಮತ್ತೆ ‘ಹ್ಞೂಂ’ ಎಂದುಬಿಟ್ಟೇನು ಎಂದು ಹೆದರಿಕೆ. ನನ್ನ ಒಂದು ‘ಹ್ಞೂಂ’ನಿಂದಲೇ ಇಷ್ಟೆಲ್ಲ ಆದದ್ದು.

ಎರಡು ತಿಂಗಳ ಹಿಂದೆ ನಾನು ನಿಮ್ಮ ಬೆಟ್ಟಕ್ಕೆ ಹೋಗಿದ್ದೆ.

ಬೆಟ್ಟದ ಪಡುವಣ ಭುಜವನ್ನು ಕಲ್ಲು ಕ್ವಾರಿಯವರು ತಿಂದು ಮುಗಿಸಿದ್ದಾರೆ. ಈ ಸಲ ಮೇಲಿನ ಇಳಿಜಾರನ್ನೂ ಕೇಳಿ ಅರ್ಜಿ ಹಾಕಿದ್ದರು. ಅದು ಮರ ಬೆಳೆಯದ ನೆಲ ಎಂದು ನಮ್ಮ ಆಫೀಸಿನ ಹಳೆಯ ಮಣ್ಣು ವರದಿ ಇದೆಯಲ್ಲ, ಅದರ ಮೇಲೆ ಹೊಸದೊಂದು ಸಹಿ ಬಿದ್ದರೆ ಅವರ ಕೆಲಸ ಆಗುತ್ತಿತ್ತು. ಹಳೆಯ ವರದಿ ನಾನೇ ಬರೆದದ್ದಾದ್ದರಿಂದ ಹೊಸ ಸಹಿಗೂ ನನ್ನನ್ನೇ ಕಳಿಸಿದರು. ಜೊತೆಗೆ ನಮ್ಮಲ್ಲಿಗೆ ಹೋದ ವರ್ಷ ಸೇರಿದ ಸರ್ವೇಯರ್ ಒಬ್ಬಳು. ಮೂವತ್ತರ ಹೆಂಗಸು, ಮಾತು ಕಡಿಮೆ, ಹಟ ಜಾಸ್ತಿ. ಬೆಟ್ಟ ಹತ್ತಿ ನಿಂತಾಗ ನನಗೆ ಮನಸ್ಸು ತಡೆಯಲಿಲ್ಲ. ಸಹಿ ಮಾಡುವ ಮುಂಚೆ ಅಗೆದು ನೋಡಲೇಬೇಕು ಎಂದು ನಿರ್ಧರಿಸಿದೆ.

ಇಲ್ಲ. ಈ ಕೊನೆಯ ಎರಡು ಸಾಲು ಸುಳ್ಳು. ಹೊಡೆದುಹಾಕೋಣ ಎಂದುಕೊಂಡೆ, ಆದರೆ ಇರಲಿ, ನನ್ನ ಕೈ ಇನ್ನೂ ಯಾವ ಕಡೆಗೆ ವಾಲುತ್ತದೆ ಎಂದು ನಿಮಗೆ ಕಾಣಲಿ. ಅಗೆಯಲು ಹಟ ಹಿಡಿದವಳು ಅವಳು. ನಾನು ಬೇಡವೆಂದೆ. ಇಳಿಹೊತ್ತಿನ ಒಳಗೆ ವಾಪಸಾಗಬೇಕು, ಹಳೇ ವರದಿ ಇದೆಯಲ್ಲ, ಸುಮ್ಮನೆ ಯಾಕೆ ಕಷ್ಟ ಎಂದೆ. ಅವಳು ಹೇಳಿದಳು: “ವರದಿ ನಿಮ್ದೇ ಇರ್ಬಹುದು ಮೇಡಂ, ಆದ್ರೆ ಸಹಿ ನಂದೂ ಬೀಳುತ್ತಲ್ಲ. ನೋಡ್ದೆ ಹಾಕಲ್ಲ ನಾನು.”

ಕೆಳಗಿನ ಹಳ್ಳಿಯಿಂದ ಇಬ್ಬರು ಆಳುಗಳನ್ನು ಕರೆತಂದಳು. ಒಂದಡಿ ಇಳಿಯುವಷ್ಟರಲ್ಲಿ ಹಾರೆ ಠಣ್ ಎಂದಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. “ನೋಡು, ಬಂಡೆ” ಎಂದೆ. ಅವಳು ಮಂಡಿಯೂರಿ ಕೂತು ಕೈಯಿಂದ ಮಣ್ಣು ಸರಿಸಿದಳು. ಸುತ್ತ ಬೆರಳಾಡಿಸಿ, “ಇದಕ್ಕೆ ಅಂಚಿದೆ ಮೇಡಂ” ಎಂದಳು. ಇಬ್ಬರೂ ಆಳುಗಳು ಸೇರಿ ಹಾರೆ ಹಾಕಿ ಮೀಟಿದರು. ಕೊಡದಷ್ಟು ದೊಡ್ಡ ಕಲ್ಲೊಂದು ಉರುಳಿ ಮೇಲೆ ಬಂತು. ಅದರ ಅಡಿಯಲ್ಲಿ ಮಣ್ಣು, ಒದ್ದೆ ಮಣ್ಣು. ಮತ್ತೊಂದು ಕಲ್ಲು, ಅದರ ಅಡಿಯಲ್ಲೂ ಮಣ್ಣು. ಮಧ್ಯಾಹ್ನದ ಹೊತ್ತಿಗೆ ಆಳಿನ ತಲೆ, ಭುಜ ಮಾತ್ರ ಗುಂಡಿಯ ಮೇಲೆ ಕಾಣುತ್ತಿದ್ದವು.

ಆ ಮಣ್ಣು ಹೇಗಿದೆ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಇಪ್ಪತ್ತು ವರ್ಷದ ಹಿಂದೆಯೇ ಬರೆಯಬೇಕಿತ್ತು. ಮೇಲೆ ಎರಡು ಬೆರಳಿನಷ್ಟು ಕೊಳೆತ ಎಲೆ. ಕೆಳಗೆ ಒಂದು ಗೇಣು ಕಪ್ಪುಗಂದು ಮಣ್ಣು, ಟೀಪುಡಿಯ ಹಾಗೆ ಉದುರುದುರು, ಅಂಗೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಯಾವ ಕಾಲದಲ್ಲೋ ಭೂಮಿಯೊಳಗಿಂದ ಉಕ್ಕಿ ಹರಿದ ಬೆಂಕಿ ತಣ್ಣಗಾಗಿ ಆದ ಬೆಟ್ಟ ಅದು. ಆ ಕಲ್ಲು ಸವೆದು ಆದ ಮಣ್ಣು ಹೀಗೆ ಹಗುರ, ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೂ ಕೆಳಗಿಳಿದರೆ ಬಣ್ಣ ಕೆಂಪಿಗೆ ತಿರುಗುತ್ತದೆ, ಜಿಗುಟು ಹೆಚ್ಚುತ್ತದೆ, ಕಲ್ಲೂ ಹೆಚ್ಚುತ್ತದೆ. ಮುಷ್ಟಿಯಷ್ಟು, ತಲೆಯಷ್ಟು. ಅರ್ಧಕ್ಕರ್ಧ ಕಲ್ಲೇ. ಒಂದನ್ನು ಒಡೆದು ನೋಡಿದೆ. ಹೊರಗೆ ತುಕ್ಕಿನ ಬಣ್ಣದ ಸಿಪ್ಪೆ, ಒಳಗೆ ನೀಲಿಗಪ್ಪು, ಅಲ್ಲಲ್ಲಿ ಸ್ಪಂಜಿನಂತೆ ಸಣ್ಣ ತೂತು. ಮಳೆ ಬಿದ್ದು ಎರಡೂವರೆ ತಿಂಗಳಾಗಿತ್ತು. ಆದರೂ ಪ್ರತಿ ಕಲ್ಲಿನ ಅಡಿಯೂ ತಣ್ಣಗೆ ತೇವವಾಗಿತ್ತು. ನೀರು ಮೇಲೆ ಹರಿದು ಹೋಗದೆ ಕಲ್ಲಿನ ಸಂದಿಗಳಲ್ಲಿ ನೇರ ಕೆಳಗಿಳಿಯುತ್ತದೆ. ಕಲ್ಲುಗಳು ಮುಚ್ಚಳದ ಹಾಗೆ ಕೂತು ಅದನ್ನು ಆರಲು ಬಿಡುವುದಿಲ್ಲ. ನೀವು ಇದನ್ನು ಎಷ್ಟು ಸಲ ಹೇಳಿದ್ದಿರಿ! “ಈ ಬೆಟ್ಟ ಮೇಲೆ ಒರಟು, ಒಳಗೆ ತಂಪು, ನಮ್ಮಕ್ಕನ ಹಾಗೆ” ಎಂದು.

ನಿಜವಾದ ಬಂಡೆ ಸಿಕ್ಕಿದ್ದು ಎದೆಯಾಳದಲ್ಲಿ. ಅದೂ ಇಡಿಯಾದ ಬಂಡೆಯಲ್ಲ, ಬಿರುಕು ಬಿಟ್ಟದ್ದು. ಬಿರುಕಿನ ತುಂಬ ಕೆಂಪು ಜೇಡಿ, ಜೇಡಿಯಲ್ಲಿ ಬೇರುಗಳು. ಜಾಗ ಸಾಲದೆ ರಿಬ್ಬನ್ನಿನಂತೆ ಚಪ್ಪಟೆಯಾಗಿ ಒಳಗೆ ನುಗ್ಗಿದ್ದವು. ಸರ್ವೇಯರ್ ಗುಂಡಿಯೊಳಗಿಂದ ತಲೆಯೆತ್ತಿ ನನ್ನನ್ನು ನೋಡಿದಳು. ನನ್ನ ಹಳೆಯ ವರದಿಯ ಪ್ರತಿ ಅವಳ ಚೀಲದಲ್ಲಿಯೇ ಇತ್ತು. ಅದರಲ್ಲಿ ನನ್ನ ದುಂಡು ಅಕ್ಷರದಲ್ಲಿ ಹೀಗಿದೆ: ‘ಹನ್ನೆರಡು ಗುಂಡಿ ತೋಡಿ ನೋಡಲಾಗಿದೆ. ಒಂದು ಅಡಿಯ ಕೆಳಗೆ ಗಟ್ಟಿ ಬಂಡೆ. ಮರ ನಿಲ್ಲುವಷ್ಟು ಮಣ್ಣಿಲ್ಲ.’

ನಾನು ಹನ್ನೆರಡು ಗುಂಡಿ ತೋಡಿಸಿರಲಿಲ್ಲ. ಒಂದನ್ನೂ ತೋಡಿಸಿರಲಿಲ್ಲ.

ಈಗ ಕಾರಣ ಹೇಳಬೇಕು. ಬೇರೆ ಯಾರಿಗೂ ಈ ಕಾರಣ ಹೇಳಿಲ್ಲ, ಆಮೇಲೆ ನಡೆದ ಕ್ವಾರಿ ಅರ್ಜಿಯ ವಿಚಾರಣೆಯಲ್ಲೂ ಹೇಳಲಿಲ್ಲ.

ಆ ಸಲ ನೀವು ಬೀಜದ ತರಬೇತಿಗೆಂದು ಮೂರು ತಿಂಗಳು ದೂರ ಹೋಗಿದ್ದಿರಿ, ನೆನಪಿದೆಯೇ? ಒಂಬತ್ತು ಸಾವಿರ ಸಸಿ ನರ್ಸರಿಯಲ್ಲಿ ಸಾಲಾಗಿ ನಿಂತಿದ್ದವು. ಮೇಲಿನ ಇಳಿಜಾರಿನಲ್ಲಿ ನೆಡಲು ಮಣ್ಣಿನ ಒಪ್ಪಿಗೆಯೊಂದೇ ಬಾಕಿ. ಒಪ್ಪಿಗೆ ಬರೆಯುವವಳು ಹೆಂಡತಿಯೇ ಎಂದು ನೀವು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಿರಿ. ನಾನು ಬೆಟ್ಟಕ್ಕೆ ಹೋಗಿ ನಿಮ್ಮ ಗುಡಿಸಲಿನಲ್ಲೇ ಇಳಿದುಕೊಂಡೆ. ನಿಮ್ಮ ಮಂಚ, ನಿಮ್ಮ ಕಂಬಳಿ. ಗೋಡೆಯ ಮೊಳೆಗೆ ನಿಮ್ಮ ಹಳೆಯ ಅಂಗಿ ನೇತುಬಿದ್ದಿತ್ತು, ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಗುಂಡಿ ತೋಡಲು ಗೊತ್ತುಮಾಡಿದ್ದ ನಿಮ್ಮ ನರ್ಸರಿಯ ಹಾರೆಯಣ್ಣ ಮೊದಲನೆಯ ದಿನವೇ ಕಲ್ಲು ಎತ್ತಲು ಹೋಗಿ ಬೆನ್ನು ಹಿಡಿಸಿಕೊಂಡ. ನಾಲ್ಕು ದಿನ ಮಲಗಿ ಎದ್ದು ಬರ್ತೀನಮ್ಮ, ಅಲ್ಲಿವರೆಗೆ ಕಾಯಿರಿ ಎಂದು ಬೇಡಿಕೊಂಡು ಇಳಿದುಹೋದ. ನಾಲ್ಕು ದಿನ ಕಾದಿದ್ದರೆ ಏನೂ ಮುಳುಗುತ್ತಿರಲಿಲ್ಲ.

ಆದರೆ ಅದೇ ಸಂಜೆ ನಿಮ್ಮ ಕಾಗದ ಬಂತು. ತರಬೇತಿಯ ಮಧ್ಯೆ ಎರಡು ದಿನ ಬಿಡುವು ಸಿಕ್ಕಿದೆ, ಶುಕ್ರವಾರ ಬೆಳಿಗ್ಗೆ ಮನೆಗೆ ಬರುತ್ತೇನೆ, ಭಾನುವಾರ ಹೊರಡಬೇಕು ಎಂದು. ಐವತ್ತೆಂಟು ದಿನವಾಗಿತ್ತು ನಿಮ್ಮನ್ನು ನೋಡಿ. ಬುಧವಾರ, ಗುರುವಾರ ಎರಡೇ ದಿನ ಉಳಿದಿದ್ದವು. ನಾನು ಬೈರಿಗೆ ತೆಗೆದುಕೊಂಡೆ. ಒಬ್ಬರೇ ತಿರುಗಿಸಿ ಮಣ್ಣು ಕೊರೆಯುವ ಬೈರಿಗೆ ಗೊತ್ತಲ್ಲ, ಕಲ್ಲಿಗೆ ತಾಗಿದರೆ ನಿಂತುಬಿಡುತ್ತದೆ. ಹನ್ನೆರಡು ಕಡೆ ತಿರುಗಿಸಿದೆ. ಹನ್ನೆರಡು ಕಡೆಯೂ ಒಂದಡಿಗೆ ನಿಂತಿತು. ಅದು ಕಲ್ಲೋ ಬಂಡೆಯೋ ಬೈರಿಗೆಗೆ ಗೊತ್ತಾಗುವುದಿಲ್ಲ. ಅಗೆದರಷ್ಟೇ ಗೊತ್ತಾಗುವುದು. ಆ ಪಾಠವನ್ನು ಮೊದಲ ವರ್ಷದಲ್ಲೇ ಕಲಿತವಳು ನಾನು, ಎಷ್ಟೋ ಜನಕ್ಕೆ ಕಲಿಸಿದವಳು. ಕಲ್ಲಿರಬಹುದು ಎಂದು ಒಳಗೊಂದು ಮನಸ್ಸು ಹೇಳುತ್ತಲೇ ಇತ್ತು. ನಾನು ಪುಸ್ತಕದಲ್ಲಿ ‘ಬಂಡೆ’ ಎಂದು ಬರೆದೆ. ಹನ್ನೆರಡು ಸಲ ಬರೆದೆ. ಗುರುವಾರದ ಕೊನೆಯ ಬಸ್ಸು ಹಿಡಿದೆ.

ಶುಕ್ರವಾರ ಬೆಳಿಗ್ಗೆ ನೀವು ಬಂದಿರಿ. ದರ್ಜಿ ಅಂಗಡಿಯ ಮೇಲಿನ ಆ ಎರಡು ಕೋಣೆಯ ಮನೆ, ಕೆಳಗೆ ಹೊಲಿಗೆ ಯಂತ್ರದ ಸದ್ದು, ನೀವು ಬಾಗಿಲಲ್ಲೇ ನಿಂತು ಚೀಲ ಕೆಳಗಿಡುವುದನ್ನು ಮರೆತದ್ದು. ಹೆಚ್ಚು ಬರೆಯುವುದಿಲ್ಲ. ಬರೆದರೆ ಕಾಗದ ಮುಗಿಯುತ್ತದೆ.

ವರದಿ ಹೋಯಿತು. ನೆಡುವುದು ರದ್ದಾಯಿತು. ನೀವು ತರಬೇತಿ ಮುಗಿಸಿ ಬಂದ ಸಂಜೆ, ನಾನು ತರಕಾರಿ ಹೆಚ್ಚುತ್ತಿದ್ದೆ, ನೀವು ಹೊಸ್ತಿಲ ಮೇಲೆ ಕೂತು ಒಂದೇ ಮಾತು ಕೇಳಿದಿರಿ: “ಹನ್ನೆರಡೂ ಗುಂಡಿ ತೋಡ್ಸಿದ್ಯಾ?” ನಾನು ತಲೆಯೆತ್ತದೆ “ಹ್ಞೂಂ” ಎಂದೆ. ನೀವು “ಹಾಗಾದ್ರೆ ಮುಗೀತು ಬಿಡು. ನನ್ನ ಕಣ್ಣಿಗಿಂತ ನಿನ್ನ ಕೈ ಮೇಲೆ ನಂಬಿಕೆ ನಂಗೆ” ಎಂದಿರಿ.

ನೀವು ಅವತ್ತು ಕಿರುಚಾಡಿದ್ದರೆ, ವರದಿ ಹರಿದು ಮುಖಕ್ಕೆ ಎಸೆದಿದ್ದರೆ, ನಾನು ಎಲ್ಲವನ್ನೂ ಒದರಿಬಿಡುತ್ತಿದ್ದೆನೋ ಏನೋ. ನೀವು ನಂಬಿದಿರಿ. ಮುಂದಿನ ತಿಂಗಳುಗಳಲ್ಲಿ ಮನೆಗೆ ಯಾರೇ ಬರಲಿ, ಇದೇ ಮಾತು: ಇವಳ ಕೈ ತಪ್ಪೋದಿಲ್ಲ, ಇವಳು ಬಂಡೆ ಅಂದ್ರೆ ಬಂಡೆ. ನಾನು ಒಳಗೆ ಹೋಗಿ ಟೀ ಪಾತ್ರೆಯ ಮುಂದೆ ನಿಲ್ಲುತ್ತಿದ್ದೆ. ಅತ್ತ ಕ್ವಾರಿಯವರು ಬಂದು ಪಡುವಣ ಭುಜಕ್ಕೆ ಸಿಡಿಮದ್ದು ಇಟ್ಟರು. ನರ್ಸರಿ ಮುಚ್ಚಿತು. ಹೇಳಬೇಕು, ಹೇಳಬೇಕು ಎಂದು ಪ್ರತಿದಿನ ಬೆಳಿಗ್ಗೆ ಏಳುತ್ತಿದ್ದೆ. ತಡವಾದಷ್ಟೂ ಬಾಯಿ ಕಟ್ಟಿತು. ನೀವು ಮಾತಾಡಿದರೆ ಚುಚ್ಚುತ್ತಿತ್ತು, ಸುಮ್ಮನಿದ್ದರೆ ಇನ್ನೂ ಚುಚ್ಚುತ್ತಿತ್ತು. ಹನ್ನೊಂದನೆಯ ತಿಂಗಳು ದೂರದೂರಿಗೆ ವರ್ಗ ಕೇಳಿ ಪಡೆದೆ.

ಹೊರಡುವಾಗ ನಿಮಗೆ ಹೇಳಿದ ಮಾತು ನನಗೆ ಅಕ್ಷರ ಅಕ್ಷರವೂ ನೆನಪಿದೆ. ನಿಮ್ಮ ಮೈಯಿಂದ ಗೊಬ್ಬರದ ನಾತ ಹೋಗಲ್ಲ, ಕಾಡಿನವರ ಜೊತೆ ಬಾಳಿ ನನಗೆ ಸಾಕಾಯ್ತು ಎಂದೆ. ನೀವು ಜಗಳವಾಡಲಿಲ್ಲ. ನನ್ನ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಬಸ್ಸಿನವರೆಗೆ ಬಂದಿರಿ, ಬಸ್ಸಿನ ಮೇಲೆ ಹತ್ತಿ ಹಗ್ಗ ಕಟ್ಟಿದಿರಿ. ನಿಮ್ಮ ಮೈಯಿಂದ ಯಾವ ನಾತವೂ ಬರುತ್ತಿರಲಿಲ್ಲ. ಹೆಂಡತಿ ನಿಮ್ಮನ್ನು ಬಿಟ್ಟಳು ಎಂದು ಅವತ್ತು ಜಗತ್ತಿಗೆ ಕಂಡಿತು. ನಾನು ಬಿಟ್ಟು ಓಡಿದ್ದು ನಿಮ್ಮ ನಂಬಿಕೆಯನ್ನು.

ಬೆಟ್ಟದ ಮಾತು ಅರ್ಧಕ್ಕೇ ಬಿಟ್ಟೆ. ಬಿರುಕಿನಲ್ಲಿ ಕಂಡ ಬೇರುಗಳ ಜಾಡು ಹಿಡಿದು ಸರ್ವೇಯರ್ ದಿಣ್ಣೆಯ ಆಚೆ ಹೋದಳು. ಸ್ವಲ್ಪ ಹೊತ್ತಿಗೆ “ಮೇಡಂ!” ಎಂದು ಕೂಗಿದಳು. ಹೋಗಿ ನೋಡಿದರೆ ಮರಗಳು. ಎಣಿಸಿದೆವು, ನೂರಾ ಹದಿನೇಳು. ಒಂದೊಂದೂ ನನ್ನೆರಡು ತೋಳಿನ ತೆಕ್ಕೆಗೆ ನಿಲುಕದು. ಕಲ್ಲುಗಳ ನಡುವೆ ಸೊಟ್ಟ ಸೊಟ್ಟ ಸಾಲು, ಯಾರೋ ಅವಸರದಲ್ಲಿ ನೆಟ್ಟ ಹಾಗೆ. ಕಾಂಡಗಳು ಕಲ್ಲನ್ನು ತಬ್ಬಿಕೊಂಡು ನುಂಗಿವೆ. ನಾನು ಒಂದು ಬುಡದಲ್ಲಿ ಕೂತುಬಿಟ್ಟೆ. ನೀರು ಬೇಕಾ ಮೇಡಂ ಎಂದು ಅವಳು ಎರಡು ಸಲ ಕೇಳಿದಳಂತೆ, ನನಗೆ ಕೇಳಿಸಲಿಲ್ಲ.

ಇಳಿಯುವಾಗ ನೀರಕ್ಕನ ಮನೆಗೆ ಹೋದೆ. ನಿಮ್ಮ ನರ್ಸರಿಗೆ ದಿನಾ ನೀರು ಹೊತ್ತು ಹಾಕುತ್ತಿದ್ದಳಲ್ಲ, ಅವಳೇ. ಬೆನ್ನು ಬಾಗಿದೆ, ನಾಲಿಗೆ ಬಾಗಿಲ್ಲ. ನನ್ನನ್ನು ಕಂಡೊಡನೆ “ಮಣ್ಣಮ್ಮ ಅಲ್ವಾ? ತಲೆಗೆ ಬೂದಿ ಬಳ್ಕೊಂಡಿದ್ದೀರಲ್ಲ” ಎಂದು ನನ್ನ ನರೆಗೂದಲನ್ನು ಆಡಿಕೊಂಡಳು. ಆ ಮರಗಳನ್ನು ನೆಟ್ಟವರು ಯಾರು ಎಂದು ಕೇಳಿದೆ. ನಾವೇ ಹೆಂಗಸರು ನೆಟ್ಟದ್ದು, ಒಂಬತ್ತು ಸಾವಿರ ಸಸಿ ಒಣಗಿಸಿ ಬಿಸಾಕಿ ಅಂದ್ರೆ ಕೈ ಬರುತ್ತಾ ಎಂದಳು. ಸಸಿಯಪ್ಪನಿಗೆ ಗೊತ್ತಿತ್ತೇ ಎಂದೆ. “ನಂಗೇನ್ ಗೊತ್ತಮ್ಮ. ಗಂಡ ಹೆಂಡ್ತಿ ನೀವು ನೀವೇ ಕೇಳ್ಕೊಳ್ಳಿ” ಎಂದು ಬೇರೆ ಮಾತು ತೆಗೆದಳು.

ಆಫೀಸಿನಲ್ಲಿ ಸಾಹೇಬರು ನನಗೆ ಒಳ್ಳೆಯದನ್ನೇ ಬಯಸಿದರು. ನಿಮಗೆ ಇನ್ನು ಹದಿನಾಲ್ಕು ತಿಂಗಳು ಸರ್ವೀಸ್ ಇದೆ, ಹೊಸ ಗುಂಡಿಗಳ ವಿವರ ಮಾತ್ರ ಕೊಡಿ, ಹಳೆಯದು ಆಗಿನ ತಿಳಿವಳಿಕೆ ಅಂತ ಬಿಡಿ ಎಂದರು. ಆದರೆ ಹಳೆಯ ವರದಿಯಲ್ಲಿ ಹನ್ನೆರಡು ಗುಂಡಿ, ಹೊಸದರಲ್ಲಿ, ಸರ್ವೇಯರ್ ಆಮೇಲೆ ತೋಡಿಸಿದ ಎರಡೂ ಸೇರಿ, ಮೂರು. ಕ್ವಾರಿಯ ವಕೀಲರು ವಿಚಾರಣೆಯಲ್ಲಿ ಅದನ್ನೇ ಹಿಡಿದರು. ಹನ್ನೆರಡು ದೊಡ್ಡದೋ ಮೂರು ದೊಡ್ಡದೋ ಎಂದರು. ಅವರ ಲೆಕ್ಕ ತಪ್ಪೇನಲ್ಲ. ಆ ಹನ್ನೆರಡು ಇರಲೇ ಇಲ್ಲ ಎಂದು ಹೇಳಬಲ್ಲವಳು ನಾನೊಬ್ಬಳೇ. ಎದ್ದು ನಿಂತೆ. ವಕೀಲರು ನಗುನಗುತ್ತಾ ಕೇಳಿದರು: “ಹನ್ನೆರಡೂ ಗುಂಡಿ ನೀವೇ ಮುಂದೆ ನಿಂತು ತೋಡಿಸಿದ್ದಲ್ವಾ ಮೇಡಂ?”

ನಾನು “ಇಲ್ಲ” ಎಂದೆ. ಎಷ್ಟು ಸಣ್ಣ ಮಾತು ನೋಡಿ, ಹೇಳಲು ಇಪ್ಪತ್ತು ವರ್ಷ ಬೇಕಾಯಿತು.

ಮೇಲಿನ ಇಳಿಜಾರು ಉಳಿಯಿತು. ಅರ್ಜಿ ವಜಾ ಆಗಿದೆ. ನನ್ನ ಮೇಲೆ ಇಲಾಖೆಯ ವಿಚಾರಣೆ ನಡೆಯುತ್ತಿದೆ. ಅದು ಮುಗಿಯುವವರೆಗೆ ನಾನು ಹೊಲ ಕಾಡು ಮೆಟ್ಟುವಂತಿಲ್ಲ, ನಕ್ಷೆ ಬರೆಯುವಂತಿಲ್ಲ. ದಾಖಲೆ ಕೋಣೆಯಲ್ಲಿ ಹಳೆಯ ಕಡತಗಳ ಧೂಳು ಕೊಡವುತ್ತಾ ಕೂತಿದ್ದೇನೆ. ಹೊಸಬರಿಗೆ ಪಾಠ ಮಾಡಲು ನನ್ನನ್ನು ಕರೆಯುವುದಿಲ್ಲ. ಅದೊಂದಕ್ಕೆ ಮಾತ್ರ ಸ್ವಲ್ಪ ನೋವಾಗುತ್ತದೆ. ಉಳಿದದ್ದಕ್ಕೆ ಏನೂ ಇಲ್ಲ, ಚೆನ್ನಾಗಿ ನಿದ್ದೆ ಬರುತ್ತಿದೆ.

ಏಪ್ರಿಲ್ ಒಂಬತ್ತಕ್ಕೆ ವಿಚಾರಣೆಯವರು ಬೆಟ್ಟಕ್ಕೆ ಬರುತ್ತಾರೆ. ಆಗ ಎಲ್ಲಿ ಎಲ್ಲಿ ಬೈರಿಗೆ ಹಾಕಿದ್ದೆ ಎಂದು ನಾನು ಅವರಿಗೆ ತೋರಿಸಬೇಕು. ಆಮೇಲೆ ರಜೆ ಹಾಕಿ ಒಂದು ವಾರ ನಿಮ್ಮ ಹಳೆಯ ಗುಡಿಸಲಿನಲ್ಲೇ ಇರುತ್ತೇನೆ. ಮಾಡು ಅರ್ಧ ಹೋಗಿದೆ, ನೀರಕ್ಕ ಹೊದಿಸಿ ಕೊಡುತ್ತೇನೆ ಎಂದಿದ್ದಾಳೆ. ನೀವು ಬಂದು ಆ ನೂರಾ ಹದಿನೇಳು ಮರಗಳನ್ನು ನೋಡಬೇಕು. ನನಗಾಗಿ ಬರಬೇಡಿ. ನನ್ನನ್ನು ನೋಡಲು ಮನಸ್ಸಿಲ್ಲದಿದ್ದರೆ ಹೇಳಿ ಕಳಿಸಿ, ಆ ದಿನ ನಾನು ಕೆಳಗಿನ ಹಳ್ಳಿಯಲ್ಲಿ ಇರುತ್ತೇನೆ, ನೀವು ನೋಡಿಕೊಂಡು ಹೋಗಿ. ಅವು ನಿಮ್ಮ ಸಸಿಗಳು.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ಅದು ನನಗೆ ಗೊತ್ತು.

ಇಂತು,
ಮಣ್ಣಮ್ಮ

ಮರೆತ ಮಾತು: ಆ ಶುಕ್ರವಾರ, ಶನಿವಾರಗಳಿಗಾಗಿ ನಾನು ಪಶ್ಚಾತ್ತಾಪ ಪಡಬೇಕು. ಅರ್ಧ ಬೆಟ್ಟ ಹೋಗಿದೆ ಅವುಗಳಿಂದ. ಇಪ್ಪತ್ತು ವರ್ಷ ಪ್ರಯತ್ನಪಟ್ಟೆ. ಗುಂಡಿ ತೋಡದಿದ್ದಕ್ಕೆ ಪಟ್ಟಿದ್ದೇನೆ, ಸುಳ್ಳು ಹೇಳಿದ್ದಕ್ಕೆ ಪಟ್ಟಿದ್ದೇನೆ. ಆ ಎರಡು ದಿನಕ್ಕೆ ಮಾತ್ರ ಆಗುತ್ತಿಲ್ಲ.

* * *

ಮಾರ್ಚ್ 20, ಶನಿವಾರ

ಮಣ್ಣಮ್ಮನಿಗೆ,

ನಿನ್ನ ಕಾಗದ ಮಂಗಳವಾರವೇ ಬಂತು. ಓದಿ, ಮಡಿಸಿ, ಅಂಗಿ ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ಓಡಾಡಿದೆ. ನಿನ್ನ ಹಾಗೆ ಉದ್ದ ಬರೆಯಲು ನನಗೆ ಬರುವುದಿಲ್ಲ. ನಾನು ಇಲ್ಲಿ ಸಮುದ್ರದ ಪಕ್ಕದ ಒಂದು ದೊಡ್ಡ ಆಸ್ಪತ್ರೆಯಲ್ಲಿ ತೋಟ ನೋಡಿಕೊಳ್ಳುತ್ತೇನೆ. ಹತ್ತಾಳುದ್ದ ಅಗೆದರೂ ಬರೀ ಮರಳು. ನಾಯಿ ಕಂಡರೆ ಕಲ್ಲಿಲ್ಲ, ಕಲ್ಲು ಕಂಡರೆ ನಾಯಿ ಇಲ್ಲ ಅಂತಾರಲ್ಲ, ಇಲ್ಲಿ ನಾಯಿಗಳು ಬೇಕಾದಷ್ಟಿವೆ, ಹೊಡೆಯಲು ಒಂದು ಕಲ್ಲು ಸಿಗುವುದಿಲ್ಲ. ಎಷ್ಟೋ ಸಲ ಗುದ್ದಲಿ ಸುಮ್ಮನೆ ಒಳಗಿಳಿದಾಗ ಠಣ್ ಅನ್ನಲಿ ಅನ್ನಿಸುತ್ತದೆ.

ವಿಷಯಕ್ಕೆ ಬರುತ್ತೇನೆ. ನನಗೆ ಗೊತ್ತಿತ್ತು.

ನೀನು ‘ಹ್ಞೂಂ’ ಎಂದ ಸಂಜೆ ಗೊತ್ತಿರಲಿಲ್ಲ. ಅವತ್ತು ನಂಬಿದ್ದೆ, ಪೂರ್ತಿ ನಂಬಿದ್ದೆ. ಎಂಟು ದಿನ ಬಿಟ್ಟು ಹಾರೆಯಣ್ಣ ಸಿಕ್ಕಿದ. ಬೆನ್ನು ಹಿಡಿದು ಆ ವಾರ ಅಮ್ಮಾವ್ರ ಕೆಲಸಕ್ಕೆ ಬರಲು ತನಗೆ ಆಗಲಿಲ್ಲ, ಬೇರೆ ಯಾರು ತೋಡಿದರು ಎಂದು ಅವನೇ ನನ್ನನ್ನು ಕೇಳಿದ. ನಾನು ಅವನ ಹಾರೆ ಇಸಕೊಂಡು ಒಬ್ಬನೇ ಮೇಲೆ ಹೋದೆ. ಎರಡು ದಿನದಲ್ಲಿ ಎರಡು ಗುಂಡಿ ತೋಡಿದೆ. ನೀನು ಈಗ ಬರೆದಿದ್ದೀಯಲ್ಲ, ಕಪ್ಪು, ಕೆಂಪು, ತೇವ, ಬಿರುಕು, ಎಲ್ಲವನ್ನೂ ಆಗಲೇ ನೋಡಿದೆ. ನೋಡಿ, ಮತ್ತೆ ಮುಚ್ಚಿದೆ.

ಮನೆಗೆ ಕೂಗಾಡಬೇಕೆಂದೇ ಬಂದೆ. ನೀನು ನೀರು ಕಾಯಿಸಿಟ್ಟು ಕಾಯುತ್ತಿದ್ದೆ. ಕೈತುಂಬಾ ಯಾಕೆ ಬೊಕ್ಕೆ ಎದ್ದಿದೆ ಎಂದು ನೀನು ಕೇಳಿದೆ. ಬೇಲಿ ಕಂಬ ನೆಟ್ಟೆ ಅಂತ ನಾನಂದೆ. ಆವತ್ತಿನಿಂದ ನಮ್ಮಿಬ್ಬರದ್ದೂ ಸುಳ್ಳು ಸಮ ಆಯಿತು.

ನಾನು ಬಾಯಿಬಿಟ್ಟರೆ ನಿನ್ನ ಕೆಲಸ ಹೋಗುತ್ತಿತ್ತು. ಮೊದಲು ಅದಕ್ಕೇ ಸುಮ್ಮನಿದ್ದೆ, ಇದು ನಿಜ. ನೀನಾಗಿಯೇ ನನಗೆ ಹೇಳುತ್ತೀ, ಆಮೇಲೆ ಇಬ್ಬರೂ ಸೇರಿ ದಾರಿ ಹುಡುಕೋಣ ಎಂದು ಕಾದೆ. ನೀನು ಹೇಳಲಿಲ್ಲ. ಬಂದವರ ಮುಂದೆಲ್ಲ ‘ಇವಳ ಕೈ ತಪ್ಪೋದಿಲ್ಲ’ ಅನ್ನುತ್ತಿದ್ದೆನಲ್ಲ, ಅದು ನಂಬಿಕೆ ಎಂದು ಬರೆದಿದ್ದೀ. ಅಲ್ಲ. ಬೇಕಂತಲೇ ಚುಚ್ಚಿದ್ದು. ನೀನು ಒಳಗೆ ಹೋಗಿ ಟೀ ಪಾತ್ರೆ ಮುಂದೆ ನಿಲ್ಲುವುದನ್ನು ನೋಡುತ್ತಿದ್ದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಎಂದು ಮತ್ತೆ ಚುಚ್ಚುತ್ತಿದ್ದೆ. ಹನ್ನೊಂದು ತಿಂಗಳು ಹಾಗೆ ಮಾಡಿದೆ. ಅದು ಪ್ರೀತಿಯಲ್ಲ, ಹಟ. ಅಷ್ಟರಲ್ಲಿ ಪಡುವಣ ಭುಜ ಹೋಯಿತು. ಸಿಡಿಮದ್ದಿನ ಸದ್ದು ಕೇಳಿದಾಗ ನಾನು ಕ್ವಾರಿಯವರ ಮುಂದೆ ಹೋಗಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಆ ಭುಜವನ್ನು ನೀನೊಬ್ಬಳೇ ತಿಂದೆ ಎಂದು ಬರೆದುಕೊಳ್ಳಬೇಡ, ಅರ್ಧ ನನ್ನ ಬಾಯಿಗೂ ಹೋಗಿದೆ.

ನರ್ಸರಿ ಮುಚ್ಚುವ ವಾರ ನೀರಕ್ಕನಿಗೆ ಹೇಳಿದ್ದು ನಾನೇ. ದಿಣ್ಣೆಯ ಆಚೆ, ದಾರಿಗೆ ಕಾಣದ ಕಡೆ, ಆದಷ್ಟು ನೆಡಿ ಅಂತ. ಯಾರಿಗೂ ಹೇಳಬಾರದು, ಅಮ್ಮಾವ್ರಿಗಂತೂ ಹೇಳಲೇಬಾರದು ಎಂದು ಮಾತು ತಗೊಂಡಿದ್ದೆ. ಇಷ್ಟು ವರ್ಷ ಉಳಿಸಿಕೊಂಡಿದ್ದಾಳೆ ನೋಡು ಮುದುಕಿ. ಸಾವಿರದ ಹತ್ತಿರ ನೆಟ್ಟಿದ್ದರು. ನೂರಾ ಹದಿನೇಳು ಉಳಿದಿವೆ ಎಂದು ನಿನ್ನ ಕಾಗದದಿಂದಲೇ ಗೊತ್ತಾಗಿದ್ದು. ನಾನು ಒಂದು ಸಲವೂ ಹೋಗಿ ನೋಡಲಿಲ್ಲ. ಒಂದೂ ಬದುಕಿರದಿದ್ದರೆ ಏನು ಮಾಡಲಿ ಎಂಬ ಭಯ. ಬದುಕಿದ್ದರೆ ಯಾರಿಗೆ ಹೇಳಲಿ ಎಂಬುದು ಅದಕ್ಕಿಂತ ದೊಡ್ಡ ಭಯ.

ಬಸ್ ಸ್ಟ್ಯಾಂಡಿನಲ್ಲಿ ನಾನು ಸುಮ್ಮನಿದ್ದುದು ದೊಡ್ಡತನದಿಂದ ಎಂದು ತಿಳಿಯಬೇಡ. ಬಸ್ಸಿನ ಮೇಲೆ ಹಗ್ಗ ಕಟ್ಟುವಾಗ, ಈಗಲಾದರೂ ಕೆಳಗಿಂದ ಕೂಗಿ ಹೇಳಿದರೆ ಹಗ್ಗ ಬಿಚ್ಚಿಬಿಡೋಣ ಎಂದು ಗಂಟನ್ನು ಸಡಿಲವಾಗಿ ಹಾಕಿದ್ದೆ. ಪೆಟ್ಟಿಗೆ ದಾರಿಯಲ್ಲಿ ಬಿತ್ತೋ ಏನೋ, ಯಾವತ್ತೂ ಕೇಳಲಾಗಲಿಲ್ಲ. ಗೊಬ್ಬರದ ನಾತ ಮಾತ್ರ ನಿಜವಾಗಿಯೂ ಇತ್ತು. ಅಕ್ಕನೂ ಹೇಳುತ್ತಿದ್ದಳು.

ನಿನಗೆ ಪಾಠ ಮಾಡಲು ಬಿಡುವುದಿಲ್ಲ ಎಂದು ಓದಿ ಬೇಜಾರಾಯಿತು. ಆ ಸರ್ವೇಯರ್ ಹೆಂಗಸಿಗೆ ನನ್ನ ನಮಸ್ಕಾರ ತಿಳಿಸು. ಅವಳಷ್ಟು ಹಟ ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಸರಿಯಾದ ಜಾಗದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ಒಂಬತ್ತನೇ ತಾರೀಕು ಬರುತ್ತೇನೆ. ಮರ ನೋಡಲು ಎಂದು ನೀನು ಬರೆದಿದ್ದೀ. ಹಾಗೇ ಇಟ್ಟುಕೋ.

ನಿನ್ನ
ಸಸಿಯಪ್ಪ

ತಾಜಾ ಕಲಂ: ಒಂದು ವಿಷಯ ಬರೆಯಬಾರದು ಅಂತಿದ್ದೆ. ಹೋದ ವರ್ಷ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿಯಿತು. ಸಮತಟ್ಟಾದ ಕಡೆ ಕೋಲು ಹಿಡಿದು ನಡೆಯುತ್ತೇನೆ, ಆ ಕಲ್ಲಿನ ದಾರಿ ಇನ್ನು ನನ್ನಿಂದ ಆಗುವುದಿಲ್ಲ. ಅಕ್ಕನಿಗೆ ಹೇಳಿಲ್ಲ, ನೀನೂ ಹೇಳಬೇಡ. ಬೆಳಗಿನ ಬಸ್ಸಿಗೆ ಬೆಟ್ಟದ ಬುಡದವರೆಗೆ ಬಂದು ಕೂತಿರುತ್ತೇನೆ. ಮರಗಳು ಹೇಗಿವೆ ಎಂದು ನೀನು ಹೇಳು, ನಂಬುತ್ತೇನೆ. ಮೇಲಿಂದ ನೀನೇ ಇಳಿದು ಬಾ.